ಮೊದಲು ಮುಗಿಸಿದಾಕಿ

ಭಾಲ್ಕಿಯಲ್ಲಿ ಪೊಲೀಸ್ ನೇಮಕಾತಿ ಪರೀಕ್ಷೆಗೆ ಗಣಿತ ಹೇಳಿಕೊಡುತ್ತೇನೆ. ಪುಸ್ತಕದ ಲೆಕ್ಕಗಳಲ್ಲಿ ಯಾವಾಗಲೂ ಅದೇ ನಲ್ಲಿ, ಅದೇ ತೊಟ್ಟಿ, ಅದೇ ರೈಲು. ಬೇಸರ ಬಂದು ಒಂದು ದಿನ ನಾನೇ ಒಂದು ಲೆಕ್ಕ ಕಟ್ಟಿದೆ. ಇಬ್ಬರು ಹೆಂಗಸರು ತೊಗರಿ ಹೊಲದ ಸಮನಾದ ಎರಡು ಪಟ್ಟಿಗಳಲ್ಲಿ ಒಟ್ಟಿಗೇ ಕಳೆ ತೆಗೆಯಲು ಶುರು ಮಾಡುತ್ತಾರೆ. ತನ್ನ ಪಟ್ಟಿ ಮುಗಿಸಲು ಒಬ್ಬಳಿಗೆ ಎರಡು ತಾಸು ಬೇಕು, ಇನ್ನೊಬ್ಬಳಿಗೆ ಆರು. ಎರಡನೆಯವಳು ಎಷ್ಟು ತಡವಾಗಿ ಮುಗಿಸುತ್ತಾಳೆ?

ಎಲ್ಲರೂ ನಾಲ್ಕು ತಾಸು ಎಂದು ಬರೆದರು. ಸಾಯಗಾಂವದಿಂದ ಬರುವ ರೇಣುಕಾ ಮಾತ್ರ ಸೊನ್ನೆ ಬರೆದಿದ್ದಳು.

"ಇದೇನವಾ, ಆರರಾಗ ಎರಡು ಕಳಿಯೋದು ಬರಂಗಿಲ್ಲೇನು?" ಎಂದು ರೇಗಿದೆ.

"ಬರ್ತದರಿ ಸರ್. ಆದ್ರ ಮೊದಲು ಮುಗಿಸಿದಾಕಿ ಬದುವಿನ ಮ್ಯಾಲ ಕುಂತು ನೋಡ್ತಾಳೇನ್ರಿ? ನಮ್ಮ ಕಡಿ ಆಕಿ ಇನ್ನೊಬ್ಬಾಕಿ ಪಟ್ಟಿಗಿ ಆಚಿ ತುದಿಯಿಂದ ಇಳೀತಾಳ್ರಿ. ಮೂರು ತಾಸಿಗಿ ಇಬ್ರೂ ಕೂಡೇ ಮನಿಗಿ ಹೋಗ್ತಾರ್ರಿ."

ಮೂರು ಎಲ್ಲಿಂದ ಬಂತು? ಬೋರ್ಡಿನ ಮೇಲೆ ಮಾಡಿ ನೋಡಿದೆ. ಎರಡು ತಾಸಿನ ಹೊತ್ತಿಗೆ ನಿಧಾನದವಳ ಪಟ್ಟಿಯಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿರುತ್ತದೆ. ಇಬ್ಬರೂ ಕೈಹಾಕಿದರೆ ಅದು ಸರಿಯಾಗಿ ಒಂದೇ ತಾಸಿನ ಕೆಲಸ. ನಾನು ಕೊಟ್ಟಿದ್ದಕ್ಕಿಂತ ಕಠಿಣವಾದ ಲೆಕ್ಕವನ್ನು ಹುಡುಗಿ ಬಾಯಲ್ಲೇ ಬಿಡಿಸಿದ್ದಳು! ಪೂರ್ತಿ ಅಂಕ ಕೊಟ್ಟು, "ಪರೀಕ್ಷಾದಾಗ ಮಾತ್ರ ನಾಲ್ಕು ಅಂತ ಬರಿ ತಾಯಿ" ಎಂದೆ.

ಮುಂದಿನ ವಾರದ ಅಣಕು ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಮುಗಿಸಿದ್ದು ಅವಳೇ. ಮುಗಿಸಿದ್ದೇ ತಡ, ಪಕ್ಕದವಳ ಹಾಳೆಯತ್ತ ಬಗ್ಗಿದಳು.

"ರೇಣುಕಾ, ಇದು ಹೊಲ ಅಲ್ಲ ತಾಯಿ."

ನಾಚಿ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಇಡೀ ಪತ್ರಿಕೆಯಲ್ಲಿ ಅವಳಿಗೆ ಕಷ್ಟವಾದದ್ದು ಅದೊಂದೇ.