ಕುರಿಗೆ ಸೂಜಿ ಮಾಡುತ್ತಿದ್ದ ಕೈ

ಆ ಮೈಕಟ್ಟನ್ನು ಮೊದಲ ಸಲ ನೋಡಿದಾಗ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಬೀದರಿನಲ್ಲಿ ಡಿಗ್ರಿ ಓದುತ್ತಿದ್ದ ದಿನಗಳು. ಜಿಮ್ಮಿನ ಕನ್ನಡಿಯ ಮುಂದೆ ಅಂಗಿ ತೆಗೆದು ನಿಂತವನ ಬೆನ್ನಿನಲ್ಲಿ ಒಂದೊಂದು ಸ್ನಾಯುವೂ ಬೇರೆ ಬೇರೆ ಜೀವ ಇದ್ದಂತೆ ಅಲುಗಾಡುತ್ತಿತ್ತು. ನನಗಿಂತ ಎರಡೇ ವರ್ಷ ದೊಡ್ಡವನು. ಗಂಡಸು ಅಂದರೆ ಇವನು, ನಾವೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದುಕೊಂಡೆ. ಭಾಲ್ಕಿಯ ಸ್ಪರ್ಧೆಯಲ್ಲಿ ಅವನು ಮೊದಲ ಬಹುಮಾನ ಗೆದ್ದ ದಿನ ಚಪ್ಪಾಳೆ ತಟ್ಟಿ ತಟ್ಟಿ ನನ್ನ ಅಂಗೈ ಕೆಂಪಾಗಿತ್ತು.

ನಾನು ಔರಾದ ಕಡೆಯ ಕುರಿ ಸಾಕುವ ಮನೆಯ ಹುಡುಗ, ಕಡ್ಡಿ ಪೈಲ್ವಾನ. ಗಾಳಿ ಬಂದರೆ ಕಂಬ ಹಿಡಿದುಕೋ ಎಂದು ಜಿಮ್ಮಿನಲ್ಲಿ ಎಲ್ಲರೂ ಛೇಡಿಸುತ್ತಿದ್ದರು. ಅಂಥವನಿಗೆ ಅಲ್ಲಿ ಬೆಲೆ ಬಂದದ್ದು ಒಂದು ಸಂಜೆ. ಬಹುಮಾನ ಗೆದ್ದ ಅವನೇ ಸಣ್ಣ ಬಾಟಲಿ, ಸಿರಿಂಜು ತೋರಿಸಿ ಕೇಳಿದ:

"ಊರಾಗ ಕುರಿಗಿ ನೀನೇ ಸೂಜಿ ಮಾಡ್ತಿ ಅಂತಲ್ಲ? ನನಗ ಮಾಡ್ತೀಯೇನ್ ದೋಸ್ತಾ?"

ಅವನ ತಾಯಿ ನರ್ಸ್. ಆದರೆ ಈ ಸೂಜಿಯ ಮಾತು ಅವರ ಮುಂದೆ ಎತ್ತುವಂತಿರಲಿಲ್ಲ. ನನಗೋ ಹನ್ನೆರಡನೇ ವಯಸ್ಸಿನಿಂದ ಅಭ್ಯಾಸ. ಬಾಟಲಿಯಲ್ಲಿರುವುದು ಸ್ಟೆರಾಯ್ಡ್ ಎಂದು ಗೊತ್ತಿತ್ತು. ಅದು ಒಳಗೆ ಹೋಗಿ ಏನು ಮಾಡುತ್ತದೆಂದು ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಫೋನಿನಲ್ಲಿ ಕಾಣುವ ಮೈಗಳೆಲ್ಲ ಹಾಗೇ ಆದವು, ಬರೀ ರೊಟ್ಟಿ ಮೊಟ್ಟೆ ತಿಂದು ಮೈ ಬರಿಸುತ್ತೇನೆ ಅನ್ನುವವನು ಹುಚ್ಚ ಎಂಬುದು ನಮ್ಮೆಲ್ಲರ ಅಭಿಪ್ರಾಯ.

"ಎಂಥಾ ಕೈ ನಿಂದು! ಇರುವಿ ಕಡ್ದಂಗೂ ಆಗ್ಲಿಲ್ಲ," ಅಂದ. ನಾನು ಉಬ್ಬಿ ಹೋದೆ. ವಾರಕ್ಕೆರಡು ಸಲ, ನಾಲ್ಕು ತಿಂಗಳು ಮಾಡಿದೆ. ಆ ಮೈಯಲ್ಲಿ ನನ್ನದೂ ಒಂದು ಪಾಲಿದೆ ಎಂಬ ಹೆಮ್ಮೆ. ದೀಪಾವಳಿ ಮುಗಿದ ಮೇಲೆ ನಾನೂ ತೆಗೆದುಕೊಳ್ಳುವುದೆಂದು ಮಾತಾಗಿತ್ತು.

ಆ ರಜೆಗೆ ಅವನನ್ನು ಊರಿಗೆ ಕರೆದೊಯ್ದೆ. ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ನಡೆಯುವಾಗ ತೊಗರಿ ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಅವನನ್ನೇ ನೋಡಿದರು. ಅವನಿಗೆ ಏದುಸಿರು ಬರುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಅಪ್ಪ ಕುರಿ ದೊಡ್ಡಿಯಲ್ಲಿದ್ದ. ಕುರಿ ಕೊಳ್ಳುವಾಗ ನಮ್ಮವರು ಕಣ್ಣನ್ನು ನಂಬುವುದಿಲ್ಲ. ಉಣ್ಣೆ ದಟ್ಟವಾಗಿದ್ದರೆ ಬಡಕಲು ಕುರಿಯೂ ಕೊಬ್ಬಿದಂತೆ ಕಾಣುತ್ತದೆ. ಉಪ್ಪು ತಿನ್ನಿಸಿ, ಹೊಟ್ಟೆ ತುಂಬ ನೀರು ಕುಡಿಸಿ ಸಂತೆಗೆ ತರುವ ಜಾಣರೂ ಇದ್ದಾರೆ. ಅದಕ್ಕೇ ಮೈ ಒತ್ತಿ ನೋಡುತ್ತಾರೆ. ಕಟ್ಟೆಯ ಮೇಲೆ ಕೂತ ಗೆಳೆಯನ ತೋಳನ್ನು ಅಪ್ಪ ಮೆಚ್ಚಿ ತಟ್ಟಿದ, ಬೆನ್ನು ಸವರಿದ. ಸವರುತ್ತಿದ್ದ ಕೈ ನಿಂತಿತು. ಬಗ್ಗಿ ಅವನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ಅಲ್ಲಿ ಗುಂಡಿ ಬಿತ್ತು, ಹಾಗೇ ಉಳಿಯಿತು.

"ತಮ್ಮಾ, ಇದು ನೀರ್ ಅದ," ಅಂದ ಅಪ್ಪ. "ಉಚ್ಚಿ ಸರಿ ಆಗ್ತದೇನು?"

ಗೆಳೆಯನ ನಗು ಮಾಯವಾಯಿತು. "ಎಂಟ್ ದಿನಾ ಆಯ್ತು, ಬಾಳ ಕಮ್ಮಿ ಆಗ್ಯಾದ್ರಿ ಕಾಕಾ."

"ಏಳು, ಈಗೇ ದವಾಖಾನಿಗಿ ನಡಿ. ನಾನೂ ಬರ್ತೇನಿ."

ನಾಲ್ಕು ತಿಂಗಳು ಅದೇ ಮೈಯನ್ನು ಮುಟ್ಟಿದ ನನಗೆ ತಿಳಿಯದ್ದು ಶಾಲೆಯ ಮೆಟ್ಟಿಲು ಹತ್ತದ ಅಪ್ಪನ ಹೆಬ್ಬೆರಳಿಗೆ ಒಂದು ಕ್ಷಣದಲ್ಲಿ ತಿಳಿದಿತ್ತು. ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಕಿಡ್ನಿ ಸೋತಿವೆ, ಸೂಜಿ ಇವತ್ತೇ ಬಿಟ್ಟರೆ ಉಳಿಯಬಹುದು ಎಂದರು ಬೀದರಿನ ಡಾಕ್ಟರು. ಯಾರು ಮಾಡಿದ್ದು ಎಂದೂ ಕೇಳಿದರು. ಡ್ಯೂಟಿ ಬಟ್ಟೆಯಲ್ಲೇ ಓಡಿ ಬಂದಿದ್ದ ಅವನ ತಾಯಿ ಮಂಚದ ಪಕ್ಕ ನಿಂತಿದ್ದರು. ಅವನು ನನ್ನ ಕಡೆ ನೋಡಲೇ ಇಲ್ಲ. "ನಾನೇ ಮಾಡ್ಕೊಂಡೇನ್ರಿ," ಅಂದ. ಆ ಸ್ಥಿತಿಯಲ್ಲೂ ನನ್ನನ್ನು ಕಾಯ್ದನಲ್ಲ ಎಂದು ಬೆರಗಾಯಿತು. ಬಾಯಿ ಬಿಡಲಾರದ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೊರಗೆ ಬಂದು ಅಪ್ಪನಿಗೆ ಹೇಳಿಬಿಟ್ಟೆ. "ಅಪ್ಪಾ, ಸೂಜಿ ಮಾಡ್ದಾಂವ ನಾನು."

ಅಪ್ಪ ಬೈಯಲಿಲ್ಲ.

"ಕುರಿಗಿ ರೋಗ ಬಂದ್ರ ಸೂಜಿ ಮಾಡ್ತೀವಿ," ಅಂದ. "ಅವನಿಗಿ ಏನ್ ರೋಗ ಆಗಿತ್ತು?"

"ಏನೂ ಇರ್ಲಿಲ್ಲ ಅಪ್ಪಾ," ಅಂದೆ. "ಛೊಲೋ ಇದ್ದ."