ಅಂಗಡಿಯ ತನಕ ಬರುವ ನಂಬರು

ಅವರ ಬಲಗೈಯಲ್ಲಿ ತೋರುಬೆರಳು ಇರಲಿಲ್ಲ. ಕೊಲ್ಲಿಯ ಯಾವುದೋ ಊರಿನಲ್ಲಿ, ಮೀನು ಸಾಗಿಸುವ ಲಾರಿಯ ಬಾಗಿಲು ಅದನ್ನು ಬುಡದಿಂದಲೇ ಕತ್ತರಿಸಿಬಿಟ್ಟಿತ್ತು. ಹಾಗಾಗಿ ಮೌಸನ್ನು ಅವರು ನಡುಬೆರಳಿನಿಂದ ಒತ್ತುತ್ತಿದ್ದರು. ಪರದೆಯ ಮೇಲೆ ಏನನ್ನಾದರೂ ತೋರಿಸಬೇಕಾದರೆ ಗದ್ದ ಮುಂದೆ ಮಾಡುತ್ತಿದ್ದರು. "ಅಲ್ಲಿ ಒತ್ತು... ಅಲ್ಲ ಮಾರಾಯ್ತಿ, ಅದರ ಕೆಳಗೆ" ಎಂದು ಅವರು ಗದ್ದ ಆಡಿಸುವಾಗ ನಾವು ಮೂವರು ಗೆಳತಿಯರು ಕಿಸಕ್ಕನೆ ನಗುತ್ತಿದ್ದೆವು. ನಾವು ನಗುವುದು ಯಾತಕ್ಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅವರೂ ನಗುತ್ತಿದ್ದರು.

ಇದು ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳ ಮಾತು. ಬಿ.ಸಿ. ರೋಡಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ಸೈಬರ್ ಕೆಫೆ ಇತ್ತು. ಮನೆ ಪಾಣೆಮಂಗಳೂರು. ಊರಿನವರಿಗೆಲ್ಲ ಅವರು ಸೈಬರ್ ಕಾಕ, ನಮಗೆ ಬರೀ ಕಾಕ. ನಾನು ಮಡಂತ್ಯಾರಿನಿಂದ ಬಸ್ಸಿನಲ್ಲಿ ಡಿಗ್ರಿ ಕಾಲೇಜಿಗೆ ಬರುತ್ತಿದ್ದವಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಆ ಮೆಟ್ಟಿಲು ಹತ್ತುತ್ತಿದ್ದೆವು. ಎಂಟು ಕಂಪ್ಯೂಟರುಗಳಿಗೆ ಒಂದೇ ಫೋನ್ ಲೈನು. ಕೊಂಯ್ ಕೊಂಯ್ ಎಂದು ಕೂಗಿ ಕನೆಕ್ಷನ್ ಸಿಗುವಷ್ಟರಲ್ಲಿ ಅರ್ಧ ಆಯುಷ್ಯ ಮುಗಿಯುತ್ತಿತ್ತು. ಸಿಕ್ಕಿದ ಮೇಲೂ ಮಳೆಗೆ, ಗಾಳಿಗೆ, ಏನೂ ಇಲ್ಲದೆಯೂ ಕಡಿದು ಹೋಗುತ್ತಿತ್ತು. ಕಾಕ ಬೈಯದೆ ಮತ್ತೆ ಹಚ್ಚುತ್ತಿದ್ದರು.

ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು, ಬೇರೆಲ್ಲೂ ನಾನದನ್ನು ಕಂಡಿಲ್ಲ. ಕ್ಯಾಬಿನ್ನುಗಳ ನಡುವೆ ನಡೆದು ಬರುವ ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಪರದೆಯಲ್ಲಿ ಏನಿದ್ದರೂ ಮುಚ್ಚಿಕೊಳ್ಳಿ ಎಂದು ಅದರ ಅರ್ಥ. ಒಬ್ಬರು ಎದ್ದು ಹೋದ ಮೇಲೆ ಇನ್ನೊಬ್ಬರನ್ನು ಕೂರಿಸುವ ಮೊದಲು ತಾವೇ ಬಂದು, ಅವರು ನೋಡಿದ್ದರ ಗುರುತೆಲ್ಲ ಅಳಿಸುತ್ತಿದ್ದರು. "ಒಬ್ಬರು ಕುಡಿದ ಲೋಟ ತೊಳೆಯದೆ ಇನ್ನೊಬ್ಬರಿಗೆ ಕೊಡ್ತಾರಾ?" ಎನ್ನುವುದು ಅವರ ಮಾತು. ಲಾಗೌಟ್ ಮಾಡದೆ ಎದ್ದವರಿಗೆ ಮಾತ್ರ ಮುಖ ಮೋರೆ ನೋಡದೆ ಬೈಗುಳ ಬೀಳುತ್ತಿತ್ತು. ನನಗೆ ಎರಡು ಸಲ ಬಿದ್ದಿದೆ.

ಇಷ್ಟು ಯಾಕೆ ಎಂದು ಒಮ್ಮೆ ಕೇಳಿದ್ದೆ. ಕೊಲ್ಲಿಯಲ್ಲಿ ಕೆಲಸಗಾರರಿದ್ದ ಕ್ಯಾಂಪಿನಲ್ಲಿ ಓದು ಬರಹ ಬರುತ್ತಿದ್ದದ್ದು ಅವರೊಬ್ಬರಿಗೇ ಅಂತೆ. ನಲ್ವತ್ತು ಮಂದಿಗೆ ಊರಿನಿಂದ ಬಂದ ಕಾಗದ ಓದಿ ಹೇಳುವುದು, ಉತ್ತರ ಬರೆದುಕೊಡುವುದು ಇವರ ಪಾಲಿನ ಕೆಲಸ. "ನಲ್ವತ್ತು ಮನೆಯ ಗುಟ್ಟು ಈ ಹೊಟ್ಟೆಯೊಳಗೆ ಉಂಟು. ಯಾರ ಹೆಂಡತಿ ಏನು ಬರೆದಳು, ಯಾರ ತಮ್ಮ ಏನು ಮಾಡಿದ ಎಲ್ಲ ಗೊತ್ತು. ಒಂದಾದರೂ ಹೊರಗೆ ಬಂದಿದ್ದರೆ ನನಗೆ ಅಲ್ಲಿ ಯಾರು ಅನ್ನ ಹಾಕ್ತಿದ್ದರು?" ಎಂದರು.

ಠಾಣೆಯವರು ಹೇಳಿದ ಮೇಲೆ ಬಂದವರ ಹೆಸರು ಬರೆಸುವ ಪುಸ್ತಕವೊಂದನ್ನು ಅವರು ಬಾಗಿಲ ಬಳಿ ಇಟ್ಟಿದ್ದರು. ಇಲ್ಲಿ ನಮ್ಮದೊಂದು ಬುದ್ಧಿವಂತಿಕೆ ಹೇಳಬೇಕು. ಹುಡುಗಿಯರು ಸೈಬರಿಗೆ ಹೋಗುತ್ತಾರೆ ಎಂದರೆ ಆಗ ಮನೆಯಲ್ಲಿ ರಾದ್ಧಾಂತ. ನನ್ನ ಅಪ್ಪ ಮಡಂತ್ಯಾರಿನಲ್ಲಿ ದರ್ಜಿ, ಸ್ವಲ್ಪ ಸಡಿಲ. ಉಳಿದಿಬ್ಬರ ಮನೆಯಲ್ಲಿ ಹಾಗಲ್ಲ. ಅದರಲ್ಲೂ ಮಾಣಿಯಿಂದ ಬರುತ್ತಿದ್ದ ಗೆಳತಿಗೆ ಮೂರು ಜನ ಅಣ್ಣಂದಿರು. ಅವಳ ಹೆಸರು ಯಾರ ಕಣ್ಣಿಗಾದರೂ ಬಿದ್ದರೆ ಕಾಲೇಜೇ ಬಂದ್. ಹಾಗಾಗಿ ಪುಸ್ತಕದಲ್ಲಿ ನಾವು ಕೂರುವ ಮೂರೂ ಕಂಪ್ಯೂಟರುಗಳ ಸಾಲಿನಲ್ಲಿ ನಾನು ನನ್ನ ಹೆಸರನ್ನೇ ಬರೆಯುತ್ತಿದ್ದೆ. ಕಾಕ ನೋಡಿಯೂ ನೋಡದ ಹಾಗೆ ಇದ್ದರು.

ಎರಡನೇ ವರ್ಷದಲ್ಲಿ ಒಂದು ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕಾಲೇಜಿನ ವಿಳಾಸಕ್ಕೆ ಹೆಸರಿಲ್ಲದ ಒಂದು ಮೇಲ್ ಬಂದಿದೆ, ನಮ್ಮ ಉಪನ್ಯಾಸಕರೊಬ್ಬರ ಮೇಲೆ ಹೊಲಸು ಆರೋಪ ಮಾಡಿದೆ ಎಂದರು. ಆ ಮೇಲ್ ಬಂದ ಸಂಜೆಯೇ ನಾನು ಕಾಕನ ಅಂಗಡಿಯಿಂದ ನನ್ನ ಹೆಸರಿನಲ್ಲಿ ಸೆಮಿನಾರಿನ ಪ್ರಬಂಧವನ್ನು ಅದೇ ವಿಳಾಸಕ್ಕೆ ಕಳಿಸಿದ್ದೆ. ಕಂಪ್ಯೂಟರ್ ಬಲ್ಲ ಆಫೀಸಿನ ಗುಮಾಸ್ತರು ಎರಡೂ ಮೇಲುಗಳ ತಲೆಬರಹ ಬಿಡಿಸಿ ನೋಡಿ, ಮೇಲ್ ಯಾವ ಲೈನಿನಿಂದ ಹೊರಟಿತೆಂದು ಹೇಳುವ ಐಪಿ ನಂಬರು ಎರಡರಲ್ಲೂ ಒಂದೇ ಇದೆ ಎಂದು ಗೆರೆ ಎಳೆದು ಕೊಟ್ಟಿದ್ದರು. ಅಷ್ಟೇ ಸಾಕ್ಷಿ. ನಾಳೆ ತಂದೆಯನ್ನು ಕರೆದುಕೊಂಡು ಬಾ, ಟಿ.ಸಿ. ಕೊಡುತ್ತೇವೆ ಎಂದರು.

ನಾನು ಬರೆದಿರಲಿಲ್ಲ. ಆದರೆ ಅದರಲ್ಲಿ ಬರೆದದ್ದು ನನಗೆ ಗೊತ್ತಿತ್ತು, ನಮ್ಮ ಕ್ಲಾಸಿನ ಎಲ್ಲ ಹುಡುಗಿಯರಿಗೂ ಗೊತ್ತಿತ್ತು. ಇಂಟರ್ನಲ್ ಮಾರ್ಕಿನ ನೆಪದಲ್ಲಿ ಆತ ಒಬ್ಬೊಬ್ಬರನ್ನೇ ಕೋಣೆಗೆ ಕರೆಸುತ್ತಿದ್ದ, ಭುಜದ ಮೇಲೆ ಕೈ ಇಡುತ್ತಿದ್ದ, ಕೈ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅದಕ್ಕೇ ನನ್ನ ಮುಖ ಕಪ್ಪಿಟ್ಟಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪ್ರಿನ್ಸಿಪಾಲರಿಗೆ ಅದೇ ಇನ್ನೊಂದು ಸಾಕ್ಷಿಯಾಯಿತು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. "ನಾಳೆ ಹೆಸರು ಹಾಳಾದರೆ ಓದು ಇಲ್ಲಿಗೇ ಸಾಕು" ಎಂದಷ್ಟೇ ಹೇಳಿದರು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಅಪ್ಪ ನೆಲ ನೋಡುತ್ತಾ ನಿಂತಿದ್ದರು. ಆಗ ಬಾಗಿಲಲ್ಲಿ ಎರಡು ಸಲ ಕೆಮ್ಮು ಕೇಳಿಸಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ, ನಮ್ಮ ಕಾಕ! ಇವರಿಗೆ ಸುದ್ದಿ ಮುಟ್ಟಿಸಿದ್ದು ಯಾರು ಎಂದು ನನಗೆ ಆಶ್ಚರ್ಯ. ಕೂರಲು ಹೇಳಿದರೂ ಅವರು ಕೂರಲಿಲ್ಲ.

"ಸರ್, ಆ ನಂಬರ್ ಈ ಹುಡುಗಿಯದ್ದಲ್ಲ, ನನ್ನ ಅಂಗಡಿಯದ್ದು. ಬೂತಿನಿಂದ ಫೋನ್ ಬಂದರೆ ಬೂತಿನ ನಂಬರ್ ಕಾಣ್ತದೆ, ಮಾತಾಡಿದವ ಯಾರು ಅಂತ ಕಾಣ್ತದಾ? ನನ್ನಲ್ಲಿ ಎಂಟು ಕಂಪ್ಯೂಟರ್ ಉಂಟು, ಎಂಟಕ್ಕೂ ಹೊರಗೆ ಕಾಣುವುದು ಒಂದೇ ನಂಬರ್."

"ಒಂದೇ ಸಂಜೆ, ಒಂದೇ ನಂಬರ್. ಇದು ಕಾಕತಾಳೀಯವಾ?" ಎಂದರು ಪ್ರಿನ್ಸಿಪಾಲರು.

"ಬಾಯಲ್ಲಿ ಹೇಳಿದರೆ ಆಗುದಿಲ್ಲ. ಇಲ್ಲಿಯೇ ನೋಡುವ. ನೀವು ನಿಮ್ಮ ಮೇಜಿನ ಕಂಪ್ಯೂಟರಿನಿಂದ ನನ್ನ ಅಂಗಡಿಯ ವಿಳಾಸಕ್ಕೆ ಒಂದು ಮೇಲ್ ಹಾಕಿ. ಗುಮಾಸ್ತರು ಆಚೆ ಕೋಣೆಯಿಂದ ಒಂದು ಹಾಕಲಿ."

ಕಾಲೇಜಿನಲ್ಲೂ ಒಂದೇ ಲೈನಿಗೆ ಎಲ್ಲ ಕಂಪ್ಯೂಟರುಗಳನ್ನು ಜೋಡಿಸಿದ್ದರು. ಅದೇ ಮೇಜಿನ ಕಂಪ್ಯೂಟರಿನಲ್ಲಿ ತಮಗೆ ಬಂದ ಎರಡೂ ಮೇಲುಗಳನ್ನು ತೆರೆದು ಕಾಕ ಗದ್ದ ಮುಂದೆ ಮಾಡಿ ತೋರಿಸಿದರು. ನಂಬರು ಒಂದೇ.

"ಈಗ ನೀವೂ ಗುಮಾಸ್ತರೂ ಒಬ್ಬರೇ ಆದಿರಾ ಸರ್?"

ಗುಮಾಸ್ತರು ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದರು. ಕಾಕ ಬಿಡಲಿಲ್ಲ. ಲೈನು ಕಡಿಸಿ, ಮತ್ತೆ ಹಚ್ಚಿಸಿ, ಪ್ರಿನ್ಸಿಪಾಲರಿಂದಲೇ ಇನ್ನೊಂದು ಮೇಲ್ ಹಾಕಿಸಿದರು. ಈ ಸಲ ನಂಬರೇ ಬೇರೆ.

"ಡಾಕ್ಟ್ರಲ್ಲಿ ಟೋಕನ್ ಕೊಡುದಿಲ್ಲವಾ, ಹಾಗೆ ಇದು. ಇವತ್ತು ಹನ್ನೆರಡನೇ ನಂಬರ್ ನಿಮಗೆ, ನಾಳೆ ಹನ್ನೆರಡನೇ ನಂಬರ್ ಬೇರೆ ಯಾರಿಗೋ. ನಮ್ಮ ಲೈನು ಕಡಿದ ಕೂಡಲೇ ಆ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಾಯಿತು. ಅದನ್ನು ಹಿಡಿದುಕೊಂಡು ಒಂದು ಹೆಣ್ಣುಮಗುವಿನ ಓದು ನಿಲ್ಲಿಸ್ತೀರಾ?"

"ಹಾಗಾದರೆ ನಿಮ್ಮ ಪುಸ್ತಕ ತನ್ನಿ. ಆ ಸಂಜೆ ಯಾರೆಲ್ಲ ಇದ್ದರು ನೋಡುವ."

ನನ್ನ ಜೀವ ಹಗುರಾಯಿತು. ಇನ್ನೇನು, ಅಂಗಡಿಯಲ್ಲಿ ಎಷ್ಟು ಮಂದಿ ಇದ್ದರೆಂದು ಪುಸ್ತಕ ತೋರಿಸಿದರೆ ಮುಗಿಯಿತಲ್ಲ ಎಂದುಕೊಂಡೆ. ಆದರೆ ಕಾಕ ತಲೆ ಅಲ್ಲಾಡಿಸಿದರು.

"ಠಾಣೆಯಿಂದ ಬರೆಸಿ ತನ್ನಿ, ಅವರಿಗೆ ಕೊಡ್ತೇನೆ. ನಿಮಗೆ ಕೊಡ್ಲಿಕ್ಕೆ ಆಗುದಿಲ್ಲ ಸರ್, ಬೇಜಾರು ಮಾಡಬೇಡಿ. ಬಂದವರು ನನ್ನನ್ನು ನಂಬಿ ಹೆಸರು ಬರೆದದ್ದು." ಅವರು ಮತ್ತೆ ಕೇಳಿದರು, "ಯಾರು ಬರೆದದ್ದು ಅಂತ ಎರಡು ದಿನದಿಂದ ಹುಡುಕ್ತಾ ಇದ್ದೀರಿ. ಬರೆದದ್ದು ಸತ್ಯವಾ ಅಂತ ಯಾರನ್ನಾದರೂ ಕೇಳಿದಿರಾ?"

ಅಷ್ಟರವರೆಗೆ ನೆಲ ನೋಡುತ್ತಿದ್ದ ಅಪ್ಪ ತಲೆ ಎತ್ತಿದರು.

"ಹೌದಲ್ಲ ಸರ್, ಅದರಲ್ಲಿ ಬರೆದದ್ದು ಏನು?"

ಪ್ರಿನ್ಸಿಪಾಲರು ಅರೆಮನಸ್ಸಿನಿಂದ ಓದಿದರು. ಅಪ್ಪ ನನ್ನ ಕಡೆ ತಿರುಗಿ, "ಇದು ಸತ್ಯವಾ ಮಗಾ?" ಎಂದರು. ಕಾಕ ನನ್ನನ್ನು ನೋಡುತ್ತಿರಲಿಲ್ಲ, ಬೇಕೆಂದೇ ಕೊಡೆಯ ಹಿಡಿ ನೋಡುತ್ತಿದ್ದರು. ಸತ್ಯ ಎಂದೆ. ನಾನು ಬರೆಯಲಿಲ್ಲ, ಆದರೆ ಪ್ರತಿ ಅಕ್ಷರವೂ ಸತ್ಯ, ನನ್ನ ಮೇಲೂ ಕೈ ಹಾಕಿದ್ದಾರೆ ಎಂದೆ. ಇಷ್ಟನ್ನು ಹೇಳಲು ಅದುವರೆಗೆ ನನಗೆ ಧೈರ್ಯ ಇರಲಿಲ್ಲ. ಅಪ್ಪ ಮತ್ತೆ ನೆಲ ನೋಡಲಿಲ್ಲ. "ನನ್ನ ಮಗಳು ನಾಳೆಯೂ ಕ್ಲಾಸಿಗೆ ಬರ್ತಾಳೆ ಸರ್. ಅವರು ಬರ್ತಾರಾ ಇಲ್ಲವಾ ನೀವು ನೋಡಿಕೊಳ್ಳಿ" ಎಂದರು.

ಟಿ.ಸಿ.ಯ ಮಾತು ಮತ್ತೆ ಬರಲಿಲ್ಲ. ಆ ಉಪನ್ಯಾಸಕ ರಜೆ ಹಾಕಿದ, ಮುಂದಿನ ವರ್ಷ ಬರಲಿಲ್ಲ. ಅವನಿಗೆ ಶಿಕ್ಷೆಯಾಯಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಲು ನನ್ನ ಬಳಿ ಏನೂ ಇಲ್ಲ. ನಮ್ಮ ಓದು ಉಳಿಯಿತು, ಅಷ್ಟು ನಿಜ.

ಪ್ರಿನ್ಸಿಪಾಲರ ಕೋಣೆಯಿಂದ ಹೊರಬಂದ ಆ ಸಂಜೆಯೇ ನಾನು ಅಂಗಡಿಗೆ ಹೋಗಿ, ಕೃತಜ್ಞತೆ ಹೇಳುವುದು ಬಿಟ್ಟು ಜಗಳಕ್ಕೇ ನಿಂತೆ. ನನ್ನ ಸ್ವಭಾವವೇ ಹಾಗೆ.

"ಪುಸ್ತಕ ತೋರಿಸಿದ್ದರೆ ಒಂದು ನಿಮಿಷದಲ್ಲಿ ಮುಗೀತಿತ್ತು ಕಾಕ! ನನ್ನ ಬಾಯಿಯಿಂದ ಅದನ್ನೆಲ್ಲ ಅಪ್ಪನ ಎದುರು ಹೇಳಿಸಿದಿರಿ!"

ಅವರು ಪುಸ್ತಕ ಬಿಡಿಸಿ ಗದ್ದದಿಂದ ತೋರಿಸಿದರು. ಮೇಲ್ ಹೋದ ದಿನ ಆ ಹೊತ್ತಿಗೆ ಮಳೆ, ಅಂಗಡಿಯಲ್ಲಿ ನಮ್ಮನ್ನು ಬಿಟ್ಟರೆ ಜನವೇ ಇರಲಿಲ್ಲ. ಇದ್ದದ್ದು ಮೂರೇ ಸಾಲು. ಮೂರರಲ್ಲೂ ನನ್ನ ದುಂಡನೆಯ ಅಕ್ಷರದಲ್ಲಿ ನನ್ನದೇ ಹೆಸರು. ಹೆದರಿಕೆಯಲ್ಲಿ ನನಗೆ ಇದು ನೆನಪೇ ಆಗಿರಲಿಲ್ಲ. ಅಯ್ಯೋ ದೇವರೇ, ಈ ಪುಸ್ತಕ ಹೋಗಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು!

"ನಂಬರ್ ದಿನಾ ಬದಲಾಗ್ತದೆ, ನಮ್ಮನ್ನು ಯಾರೂ ಹಿಡೀಲಿಕ್ಕಾಗುದಿಲ್ಲ ಅಂತ ಗಮ್ಮತ್ತು ಬೇಡ" ಎಂದರು. "ಯಾವ ಹೊತ್ತಿಗೆ ಯಾವ ನಂಬರ್ ಯಾರಿಗೆ ಕೊಟ್ಟದ್ದು ಅಂತ ಲೈನು ಕೊಟ್ಟವರು ಬರೆದಿಡ್ತಾರೆ. ಬೇಕಾದವರು ನನ್ನ ಅಂಗಡಿಯ ತನಕ ಬಂದೇ ಬರ್ತಾರೆ. ಅಲ್ಲಿಂದ ಒಳಗೆ ಬರ್ಲಿಕ್ಕೆ ನನ್ನನ್ನು ದಾಟಬೇಕು."

ಉಳಿದಿಬ್ಬರಲ್ಲಿ ಬರೆದದ್ದು ಯಾರೆಂದು ನಾನು ಗೆಳತಿಯರನ್ನು ಕೇಳಲಿಲ್ಲ. ಕಾಕನನ್ನೂ ಕೇಳಲಿಲ್ಲ, ಕೇಳಿದರೂ ಪ್ರಯೋಜನವಿರಲಿಲ್ಲ. ಡಿಗ್ರಿ ಮುಗಿಯಿತು, ಬಿ.ಎಡ್. ಆಯಿತು, ಬೆಳ್ತಂಗಡಿಯ ಕಡೆ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ ಕಾಕನ ಕ್ಯಾಬಿನ್ನುಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ಅವರು ಮೊಬೈಲಿನ ಕವರು, ಚಾರ್ಜರು ಮಾರುತ್ತಾ ಕೂತರು. ಪೇಟೆಗೆ ಹೋದಾಗಲೆಲ್ಲ ಮೆಟ್ಟಿಲು ಹತ್ತಿ ಮಾತಾಡಿಸಿ ಬರುತ್ತಿದ್ದೆ. "ಟೀಚರು ಬಂದರು, ಕುರ್ಚಿ ಕೊಡಿ" ಎಂದು ಖಾಲಿ ಅಂಗಡಿಗೆ ಕೇಳುವ ಹಾಗೆ ಹೇಳಿ ನಗುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರನೇ ದಿನ. ಪಾಣೆಮಂಗಳೂರಿನ ಮನೆಗೆ ಹೋದಾಗ ಒಳಕೋಣೆಯಲ್ಲಿ ಹೆಂಗಸರ ನಡುವೆ ಮಾಣಿಯ ಗೆಳತಿ ಕೂತಿದ್ದಳು. ವರ್ಷಗಳ ಮೇಲೆ ನೋಡಿದ್ದು. ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡಳು.

"ಆ ಮೇಲ್ ಬರೆದದ್ದು ನಾನು ಮಾರಾಯ್ತಿ" ಎಂದಳು. "ನಿನ್ನನ್ನು ಹಿಡಿದರು ಅಂತ ಗೊತ್ತಾದ ಕೂಡಲೇ ಕಾಕನ ಹತ್ರ ಓಡಿ ಹೋದೆ. ಬಂದು ಒಪ್ಪಿಕೊಳ್ತೇನೆ ಅಂದೆ. ಅವರು, ‘ಮೊದಲು ನಾನು ಹೋಗಿ ನೋಡ್ತೇನೆ, ನನ್ನಿಂದ ಆಗದಿದ್ದರೆ ಕರೀತೇನೆ, ಆಗ ನೀನು ಬಾ, ಅವಳು ಒಬ್ಬಳೇ ಶಿಕ್ಷೆ ತಿನ್ನುದು ಬೇಡ’ ಅಂದರು. ನೀನು ಒಳಗೆ ಇದ್ದಷ್ಟು ಹೊತ್ತೂ ನಾನು ಕಾಲೇಜಿನ ಗೇಟಿನ ಹತ್ರ ರಿಕ್ಷಾದಲ್ಲಿ ಕೂತಿದ್ದೆ. ಕಾಕ ಹೊರಗೆ ಬಂದು, ‘ಮನೆಗೆ ಹೋಗು ಮಗಾ, ಕರೆಯುವ ಅಗತ್ಯ ಬೀಳಲಿಲ್ಲ’ ಅಂದರು."

ನಾವಿಬ್ಬರೂ ಅಲ್ಲೇ ಅತ್ತುಬಿಟ್ಟೆವು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಬರೆಯದಿದ್ದರೆ ನಾನು ಎಂದೂ ಬಾಯಿ ಬಿಡುತ್ತಿರಲಿಲ್ಲ. ಕಾಕ ಬಾರದಿದ್ದರೆ ನಮ್ಮಿಬ್ಬರಲ್ಲಿ ಒಬ್ಬಳು ಖಂಡಿತ ಓದು ಬಿಟ್ಟು ಮನೆ ಸೇರುತ್ತಿದ್ದಳು. ನಾನು ಇಂದು ಪಾಠ ಹೇಳಿ ಉಣ್ಣುವ ಅನ್ನದಲ್ಲಿ ಆ ಮನುಷ್ಯನ ಋಣ ಇದೆ.

ಕಾಕನ ಹೆಂಡತಿ ಹತ್ತಿರ ಬಂದು ಕೂತರು. ಅವರಿಗೆ ಎಲ್ಲ ಗೊತ್ತಿರಬೇಕೆಂದೇ ನಾವು ಆ ದಿನದ ಮಾತು ಎತ್ತಿದೆವು. ಅವರು ಕಣ್ಣು ಅರಳಿಸಿ ಕೊನೆಯವರೆಗೂ ಕೇಳಿದರು. ಮೂರು ದಿನದಿಂದ ಅತ್ತು ಊದಿದ್ದ ಮುಖದಲ್ಲಿ ಮೆಲ್ಲನೆ ನಗು ಬಂತು.

"ಇಷ್ಟು ವರ್ಷ ಒಟ್ಟಿಗೆ ಸಂಸಾರ ಮಾಡಿದೆ. ನನ್ನ ಹತ್ರಲೂ ಹೇಳಲಿಲ್ಲ ನೋಡಿ ಮಕ್ಕಳೇ!" ಎಂದರು.