ಸೋಫಾ ಅಂಗಡಿಯವನ ಫಸ್ಟ್ ಕಾಪಿ

ಅವಳ ಗಂಡ ಸೋಫಾ ಅಂಗಡಿಯಲ್ಲಿ ಸೇಲ್ಸ್‌ಮನ್. "ಸುಮ್ಮನೆ ಕೂತು ನೋಡಿ ಸರ್, ದುಡ್ಡಿನ ಮಾತು ಆಮೇಲೆ" ಅನ್ನುವುದು ಅವನ ಕೆಲಸ. ಕೂತವರು ಎದ್ದು ಹೊರಡುವಾಗ ಅಂಗಡಿ ತನ್ನದೇ ಏನೋ ಅನ್ನುವ ಹಾಗೆ ಕೈ ಕುಲುಕುತ್ತಿದ್ದ. ಬೆನ್ನ ಹಿಂದೆ ಜೊತೆಯವರು ಅವನನ್ನು ಮಾಲೀಕರು ಅಂತಲೇ ಕರೆಯುತ್ತಿದ್ದರು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. ಬೆಳಗಾದರೆ ಖಾಲಿ ಹೊಟ್ಟೆಯಲ್ಲಿ ಬಂದು ಸಿಡುಕುವವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ, "ಆಯ್ತು, ಆಯ್ತು, ಕೈ ಮಡಚಿ" ಅನ್ನುತ್ತಾ ದಿನ ತಳ್ಳುವವಳಿಗೆ ಗಂಡನ ಒಣ ಜಂಬ ಕಂಡರೆ ಮೈ ಉರಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ನಗು ಬರುತ್ತಿತ್ತು. ಆ ನಗು ಯಾವಾಗ ನಿಂತಿತೋ ಅವಳಿಗೇ ನೆನಪಿಲ್ಲ.

ಒಂದು ದಿನ ಅಂಗಡಿಗೆ ಬಂದ ದೊಡ್ಡ ಗಿರಾಕಿಯೊಬ್ಬರ ಮಣಿಕಟ್ಟಿನ ಮೇಲೆ ಅವನು ಒಂದು ದುಬಾರಿ ವಿದೇಶಿ ವಾಚು ನೋಡಿದ. ಅಲ್ಲಿಂದ ಹುಚ್ಚು ಹಿಡಿಯಿತು. ಅಸಲಿ ಕೊಳ್ಳಬೇಕಾದರೆ ಮನೆ ಮಾರಬೇಕು. ಮಾರೋಣವೆಂದರೆ ಮನೆ ಬಾಡಿಗೆಯದು. ಸರಿ, ನಕಲಿಯ ಬೇಟೆಗೆ ಇಳಿದ. ಊಟದ ತಟ್ಟೆಯ ಮುಂದೆ ಫೋನು, ಕಕ್ಕಸಿನಲ್ಲೂ ಫೋನು. ನಕಲಿಯಲ್ಲೂ ಮೇಲು ಕೀಳು ಉಂಟು ಅಂತ ಅವಳಿಗೆ ತಿಳಿದದ್ದು ಆಗಲೇ.

"ಇದು ಬೀದಿ ಬದಿ ಮಾಲಲ್ಲ ಕಣೇ, ಫಸ್ಟ್ ಕಾಪಿ," ಅಂದ, ಡಬ್ಬಿ ಬಿಚ್ಚಿ. "ತೂಕ ನೋಡು. ಮುಳ್ಳು ನೋಡು, ಟಕ್ ಟಕ್ ಅಂತ ಹಾರಲ್ಲ, ಜಾರುತ್ತೆ."

"ಟೈಮು ಸರಿಯಾಗಿ ತೋರಿಸುತ್ತಾ?"

"ಟೈಮು ಫೋನಲ್ಲೂ ನೋಡಬಹುದು," ಅಂದ ಅವಳ ತಿಳಿವಳಿಕೆಗೆ ಮರುಕಪಡುತ್ತಾ.

ಕಡಲಿನ ಆಳಕ್ಕೆ ಇಳಿದರೂ ಏನೂ ಆಗದು ಅಂತ ವಾಚಿನ ಮುಖದ ಮೇಲೆಯೇ ಬರೆದಿತ್ತು. ಆದರೆ ಅದು ಬಂದ ದಿನದಿಂದ ಅವನು ಪಾತ್ರೆ ತೊಳೆಯುವುದನ್ನು ಬಿಟ್ಟ.

"ಬಿಚ್ಚಿಟ್ಟು ತೊಳಿ," ಅಂದಳು.

"ಪದೇ ಪದೇ ಬಿಚ್ಚಿ ಹಾಕಿದ್ರೆ ಕೊಂಡಿ ಸಡಿಲ ಆಗುತ್ತೆ."

ಅವಳೇ ಸಿಂಕಿನ ಮುಂದೆ ನಿಂತಳು. ಗಂಡ ಸೋಮಾರಿ ಅನ್ನುವುದು ಹಳೆಯ ವಿಷಯ. ಸೋಮಾರಿತನಕ್ಕೂ ಚಿನ್ನದ ನೀರು ಕುಡಿಸಬಲ್ಲ ಅನ್ನುವುದು ಹೊಸತು. ಎಲ್ಲಕ್ಕೂ ಬಲಗೈ ಬಳಸುತ್ತಿದ್ದವನು ಈಗ ವಾಚು ಕಟ್ಟಿದ ಎಡಗೈಯಲ್ಲಿ ದಾರಿ ತೋರಿಸುತ್ತಿದ್ದ, ಎಡಗೈಯಲ್ಲಿ ತಲೆ ಕೆರೆಯುತ್ತಿದ್ದ, ಫೋಟೋಗೆ ನಿಂತರೆ ಹಲ್ಲು ನೋಯುವವನ ಹಾಗೆ ಎಡಗೈ ಕೆನ್ನೆಗೆ ಆನಿಸುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಗಂಡನ ಅಕ್ಕ ಊಟಕ್ಕೆ ಕರೆದಳು. ಅತ್ತೆ ಇದ್ದದ್ದು ಆ ಮಗಳ ಮನೆಯಲ್ಲೇ. ಊಟ ಮುಗಿದು ಎಲ್ಲರೂ ಹಜಾರದಲ್ಲಿ ಕೂತಾಗ ಅಕ್ಕನ ಗಂಡನ ಕಣ್ಣು ವಾಚಿನ ಮೇಲೆ ಬಿತ್ತು.

"ಏನಪ್ಪಾ, ಅಸಲೀನಾ ಇದು?"

ನಕ್ಕು ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇವನು ಕಾಲ ಮೇಲೆ ಕಾಲು ಹಾಕಿ, "ಏನೋ ಭಾವ, ಕಷ್ಟಪಟ್ಟು ದುಡೀತೀವಿ. ಒಂದು ಆಸೆ," ಅಂದ.

ಅಕ್ಕ ತಟ್ಟನೆ ನೆಟ್ಟಗೆ ಕೂತಳು. "ಹಾಗಾದ್ರೆ ಒಳ್ಳೇದೇ ಆಯ್ತು. ಇನ್ನು ಅಮ್ಮನ್ನ ನೀನು ಕರ್ಕೊಂಡು ಹೋಗು. ಇಷ್ಟು ವರ್ಷ ಕೈ ಖಾಲಿ ಅಕ್ಕ, ಕೈ ಖಾಲಿ ಅಂತಿದ್ದೆ. ಈಗ ತುಂಬಿದೆಯಲ್ಲ."

ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು. ಈಗಲಾದರೂ ಹೇಳುತ್ತಾನೆ ಅಂತ ಅವಳು ಕಾದಳು. ಅವನು ಗೋಡೆ ನೋಡುತ್ತಾ ಕೂತ. ಕೊನೆಗೆ ಅವಳೇ, "ಅದು ನಕಲಿ ಅತ್ತಿಗೆ," ಅಂದಳು.

"ನಿನಗೆ ಅತ್ತೆ ಬೇಡ ಅಂದ್ರೆ ನೇರವಾಗಿ ಹೇಳು," ಅಂದಳು ಅಕ್ಕ. "ಗಂಡನ ಮರ್ಯಾದೆ ಯಾಕೆ ಕಳೀತೀಯ?"

ಎಲ್ಲರೂ ಅವನ ಕಡೆ ತಿರುಗಿದರು. ಅವನು ಗಂಟಲು ಸರಿ ಮಾಡಿಕೊಂಡು ದೊಡ್ಡ ಮನಸ್ಸಿನವನ ದನಿಯಲ್ಲಿ ಹೇಳಿದ, "ಹೋಗ್ಲಿ ಬಿಡಕ್ಕ. ಅವಳಿಗೆ ವಾಚಿನ ವಿಷಯ ತಿಳಿಯಲ್ಲ."

ಆ ಒಂದು ಮಾತಿಗೆ ಅವಳ ಮನಸ್ಸಿನಲ್ಲಿ ಉಳಿದಿದ್ದ ಚೂರುಪಾರು ಅಕ್ಕರೆಯೂ ಆರಿತು. ಕೋಪ ಬಂದಿದ್ದರೆ ಎಷ್ಟೋ ವಾಸಿ. ಬಂದದ್ದು ಹೇಸಿಗೆ, ಕಾಲಿಗೆ ಏನೋ ಮೆತ್ತಿಕೊಂಡ ಹಾಗೆ.

ಬಾಗಿಲ ಪಕ್ಕ ಕೂತಿದ್ದ ಅತ್ತೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಕೆ ಎದ್ದು ಎರಡು ಸೀರೆ, ಮಾತ್ರೆಯ ಡಬ್ಬಿ, ಮಂಡಿಗೆ ಹಚ್ಚುವ ಎಣ್ಣೆ ಚೀಲಕ್ಕೆ ತುಂಬಿಕೊಂಡು ಬಂದರು. ಇವರ ಬಾಡಿಗೆ ಮನೆಯಲ್ಲಿ ಇದ್ದ ಒಂದೇ ಕೋಣೆ ಅತ್ತೆ ಸೊಸೆಯದಾಯಿತು, ಅವನ ಚಾಪೆ ಅಡುಗೆಮನೆಯ ಬಾಗಿಲಿಗೆ ಹೋಯಿತು. ಮಾರನೇ ದಿನ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಅತ್ತೆ ಕೇಳಿದರು, "ನೀನು ನಿನ್ನೆ ಹೇಳಿದ್ದು ನಿಜ ತಾನೆ?"

"ಹೌದತ್ತೆ."

"ನನಗೆ ಆಗಲೇ ಗೊತ್ತಾಯ್ತು. ಅಸಲಿ ಆಗಿದ್ರೆ ಅಕ್ಕನ ಮನೆಗೆ ಹಾಕ್ಕೊಂಡು ಬರ್ತಿರಲಿಲ್ಲ. ಬಚ್ಚಿಡ್ತಿದ್ದ."

ಅವಳಿಗೆ ತಡೆಯಲಾರದೆ ನಗು ಬಂತು. ಅತ್ತೆ ನಗಲಿಲ್ಲ. ಹೆತ್ತವರಿಗೆ ಅದು ನಗುವ ಮಾತಲ್ಲ.

ಕೆಲವು ವಾರ ಕಳೆದ ಮೇಲೆ ಅವನು ಮರೆತು ಬಿಟ್ಟುಹೋಗಿದ್ದ ಮನೆ ಕೀ ಕೊಡಲು ಅವಳು ಅಂಗಡಿಗೆ ಹೋದಳು. ಅವನು ವಯಸ್ಸಾದ ದಂಪತಿಯ ಮುಂದೆ ಸೋಫಾದ ಬೆನ್ನು ಒತ್ತಿ ತೋರಿಸುತ್ತಿದ್ದ.

"ನಮ್ಮ ತಾಯಿ ನನ್ನ ಜೊತೆಗೇ ಇದ್ದಾರೆ ಸರ್. ಅವರಿಗೂ ಇದನ್ನೇ ಕೊಡಿಸಿದ್ದೀನಿ. ಮಂಡಿ ನೋವು ಅಂತ ಒಂದು ದಿನ ಅಂದಿಲ್ಲ."

ಆ ವಯಸ್ಸಾದ ಹೆಂಗಸಿನ ಕಣ್ಣು ತೇವವಾಯಿತು. ಅವಳು ಕೀಯನ್ನು ಗಾಜಿನ ಮೇಜಿನ ಮೇಲಿಟ್ಟಳು. ಅವನು ತಿರುಗಿ ನೋಡಿದ, ಒಂದಿಷ್ಟೂ ಅಳುಕಲಿಲ್ಲ. "ನನ್ನ ಮಿಸೆಸ್ಸು," ಅಂತ ದಂಪತಿಗೆ ಪರಿಚಯಿಸಿದ. "ಅಮ್ಮನ್ನ ನೋಡಿಕೊಳ್ಳೋದೆಲ್ಲ ಇವಳೇ."

ಅವನ ಬಾಯಿಂದ ಅವಳು ಕೇಳಿದ ಮೊದಲನೇ ನಿಜ ಅದು. ಅವಳು ಆ ದಂಪತಿಗೆ ಕೈ ಮುಗಿದು, ಅವನ ಮುಖ ನೋಡದೆ ಹೊರಗೆ ಬಂದು ಬಸ್ಸು ಹತ್ತಿದಳು.